ಹತ್ತುವ ಗೇರು, ಇಳಿಯುವ ಗೇರು

ಶಿರಸಿಯಲ್ಲಿ ಗ್ಯಾರೇಜು ಇಟ್ಟವನಿಗೆ ಗಿರಾಕಿ ಕೇಳುವ ಮೊದಲ ಪ್ರಶ್ನೆ ಒಂದೇ: "ಘಟ್ಟ ಹತ್ತುತ್ತಾ?" ಮೈಲೇಜು, ಬಣ್ಣ, ಸೀಟು ಎಲ್ಲ ಆಮೇಲೆ. ನಾವು ಘಟ್ಟದ ಮೇಲಿನವರು, ಮನೆಗೆ ಬರಬೇಕೆಂದರೆ ಹತ್ತಲೇಬೇಕು. ಅಪ್ಪನ ಕಾಲದಿಂದ ನಮ್ಮ ಪದ್ಧತಿಯೂ ಅದೇ. ದೊಡ್ಡ ಕೆಲಸ ಮುಗಿದ ಗಾಡಿಯನ್ನು ದೇವಿಮನೆ ಘಟ್ಟದ ಬುಡಕ್ಕೆ ಒಯ್ದು, ಚಾ ಕುಡಿದು, ತಿರುಗಿಸಿ ನಿಲ್ಲಿಸಬೇಕು. ಪರೀಕ್ಷೆ ಅಲ್ಲಿಂದ ಶುರು. ಇಳಿದು ಹೋದದ್ದು ಲೆಕ್ಕಕ್ಕಿಲ್ಲ. ಈ ಪದ್ಧತಿ ನನ್ನ ಮರ್ಯಾದೆ ತೆಗೆದದ್ದು ಒಂದೇ ಸಲ. ಆದರೆ ಸರಿಯಾಗಿಯೇ ತೆಗೆಯಿತು.

ಕಾನಸೂರಿನ ಟ್ಯಾಕ್ಸಿ ಡ್ರೈವರೊಬ್ಬ ನನ್ನ ಹಳೆಯ ಗಿರಾಕಿ. ಬಚ್ಚಲ ಮೆಟ್ಟಿಲಲ್ಲಿ ಜಾರಿ ಬಿದ್ದು ಎಡಗಾಲಿನ ಹರಡಿಗೆ ರಾಡು ಹಾಕಿಸಿಕೊಂಡಿದ್ದ. ನಡೆಯುತ್ತಿದ್ದ, ಕ್ಲಚ್ಚು ಮಾತ್ರ ಒತ್ತಲಾಗದು. ಅವನ ಹಳೆಯ ಡೀಸೆಲ್ ಕಾರು ಅಂಗಳದಲ್ಲಿ ನಿಂತು ಎಂಟು ತಿಂಗಳಾಗಿತ್ತು. "ಹೊಸ ಆಟೋಮ್ಯಾಟಿಕ್ ತಗೋ ಮಾರಾಯ" ಅಂದೆ. "ಆನು ಈ ಗಾಡಿ ಬಿಡ್ತ್ನಿಲ್ಲೆ. ಇದನ್ನೇ ಆಟೋಮ್ಯಾಟಿಕ್ ಮಾಡಿಕೊಡು" ಎಂದು ತನ್ನ ಹವ್ಯಕ ಮಾತಿನಲ್ಲೇ ಹಟ ಹಿಡಿದ; ಅವರಲ್ಲಿ ಆನು ಅಂದರೆ ನಾನು, ಯಂಗೆ ಅಂದರೆ ನನಗೆ. ಆರ್‌ಟಿಒ ಕಾಗದದ ಓಡಾಟ ತನ್ನದು ಎಂದ.

ಅವನ ಹೆಂಡತಿ ನೇರ ಮಾತಿನವಳು. "ಒಂದ್ಸಲ ಇವರ ಸಂಗಡ ಆನೂ ಕೂತು ಘಟ್ಟ ಇಳಿದು ಬರ್ತಿ. ಯಂಗೆ ಧೈರ್ಯ ಬಂದ್ರೆ ಗಾಡಿ ಇರ್ಲಿ. ಇಲ್ದಿದ್ರೆ ಮಾರಿಬಿಡಿ, ಆಮೇಲೆ ಸ್ಟೇರಿಂಗ್ ಮುಟ್ಟದು ಬೇಡ" ಎಂದಳು. ಅವನು ನನ್ನ ಮುಖ ನೋಡಿದ. "ಚಿಂತೆ ಬಿಡಿ, ನಾನಿದ್ದೇನೆ" ಎಂದು ಎದೆ ತಟ್ಟಿಕೊಂಡೆ.

ಆಟೋಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ಡಬ್ಬಿ ಕೂರುತ್ತದೆ. ಎರಡು ಫ್ಯಾನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದು ತಿರುಗುವುದಿಲ್ಲವೇ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಕನ್ವರ್ಟರಿನಲ್ಲಿ ಸಡಿಲದ್ದು ಬಿಗಿಯದ್ದು ಎಂದು ಎರಡು ಬಗೆ. ಸಡಿಲದ್ದು ಎಂಜಿನ್ನಿನ ಸುತ್ತು ಮೊದಲು ಏರಲು ಬಿಟ್ಟು ಆಮೇಲೆ ಗಾಡಿಯನ್ನು ಜೋರಾಗಿ ನೂಕುತ್ತದೆ. ಘಟ್ಟ ಹತ್ತಲು ಇನ್ನೇನು ಬೇಕು! ಹುಬ್ಬಳ್ಳಿಯ ಗುಜರಿಯಿಂದ ಗೇರ್‌ಬಾಕ್ಸ್ ಸಮೇತ ಅಂಥದ್ದನ್ನೇ ತಂದೆ. ಸಪಾಟು ರಸ್ತೆಯಲ್ಲಿ ಎಂಜಿನ್ ಕಿರುಚಬಾರದೆಂದು ಹಿಂದಿನ ಚಕ್ರ ತಿರುಗಿಸುವ ಹಲ್ಲುಗಾಲಿಗಳ ಜೋಡಿಯನ್ನೂ ಬದಲಿಸಿದೆ. ಎಂಜಿನ್ ಕಡಿಮೆ ಸುತ್ತು ತಿರುಗಿದರೂ ಗಾಡಿ ಮುಂದೆ ಓಡುವಂಥ ಜೋಡಿ ಹಾಕಿದೆ. ಒಬ್ಬನೇ ದೇವಿಮನೆಗೆ ಒಯ್ದೆ. ಇಳಿಯುವಾಗ ಬ್ರೇಕು ಸ್ವಲ್ಪ ಸುಟ್ಟ ವಾಸನೆ ಬಂತು, ಹಳೇ ಪ್ಯಾಡು ಅಂದುಕೊಂಡೆ. ಹತ್ತುವಾಗ ಗಾಡಿ ಹೂವು ಎತ್ತಿದ ಹಾಗೆ ಮೇಲೆ ಬಂತು. ನನ್ನಂಥವನು ಈ ಜಿಲ್ಲೆಯಲ್ಲೇ ಇಲ್ಲ ಅನ್ನಿಸಿತು.

ಪ್ಯಾಡು ಹೊಸದು ಹಾಕಿಸಿ ಮುಂದಿನ ವಾರ ಮೂವರೂ ಹೊರಟೆವು. ಅವನು ಸ್ಟೇರಿಂಗಿನಲ್ಲಿ, ನಾನು ಪಕ್ಕದಲ್ಲಿ, ಹೆಂಡತಿ ಹಿಂದೆ. ಮೂರನೇ ತಿರುವಿಗೇ ಅವನ ಮುಖ ಬಿಗಿಯಿತು. "ಗಾಡಿ ಹಿಡೀತಾ ಇಲ್ಲೆ."

"ಕೆಳಗಿನ ಗೇರಿಗೆ ಹಾಕು."

"ಹಾಕಿದ್ದೆ. ಆದ್ರೂ ಓಡ್ತಾ ಇದ್ದು."

"ಅಪ್ಪನ ಕಾಲದ ಗ್ಯಾರೇಜು ನಮ್ದು, ನಂಗೆ ಕಲಿಸ್ತೀಯಾ? ಬ್ರೇಕ್ ಒತ್ತು!" ಎಂದು ರೇಗಿದೆ. ಒತ್ತಿ ಒತ್ತಿ ಹೊಸ ಪ್ಯಾಡೂ ಹೊಗೆಯಾಡಿತು. ಅವನು ಹೇಗೋ ಬದಿಯ ಗೋಡೆಗೆ ಒತ್ತಿ ನಿಲ್ಲಿಸಿದ. ಹೆಂಡತಿ ಇಳಿದು ಗೋಡೆಯ ಮೇಲೆ ಕೂತಳು. ಅವನು ಬೈಯಲಿಲ್ಲ. "ನೀ ಹತ್ತದೊಂದೇ ನೋಡಿದ್ದೆ. ಇಳಿಯದು ಯಾರು ನೋಡವು?" ಎಂದಷ್ಟೇ ಕೇಳಿದ.

ನಾಚಿಕೆಯಿಂದ ಸತ್ತು ಹೋದೆ. ಮ್ಯಾನುವಲ್ ಗಾಡಿಯಲ್ಲಿ ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ಚಕ್ರವನ್ನು ತಡೆದು ಹಿಡಿಯುತ್ತದೆ. ಹೀಗಾಗಿ ಇಳಿಯುವುದನ್ನು ನಾವು ಯೋಚಿಸಿದ್ದೇ ಇಲ್ಲ. ಈ ಸಡಿಲ ಕನ್ವರ್ಟರಿನಲ್ಲಿ ಚಕ್ರ ಓಡುವಾಗ ಎಣ್ಣೆ ಜಾರಿ ಎಂಜಿನ್ನಿನ ಆ ಹಿಡಿತ ಚಕ್ರಕ್ಕೆ ತಲುಪುವುದಿಲ್ಲ. ನಾನು ಹಾಕಿದ ಹಲ್ಲಿನ ಜೋಡಿ ಉಳಿದ ಹಿಡಿತವನ್ನೂ ತಿಂದಿತ್ತು. ಬ್ರೇಕು ತಣಿದ ಮೇಲೆ ನಾನೇ ಸ್ಟೇರಿಂಗ್ ಹಿಡಿದೆ, ಅಲ್ಲಿಂದಲೇ ತಿರುಗಿಸಿ ಮೇಲೆ ಬಂದೆವು. ಗಾಡಿ ಚೆಂದಕ್ಕೇ ಹತ್ತಿತು, ಯಾರೂ ಹೊಗಳಲಿಲ್ಲ. "ಮಾರದಾತು ಇನ್ನು" ಅಂದಳು ಅವಳು. ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ಅದು ನನ್ನಿಂದ ನೋಡಲಾಗಲಿಲ್ಲ. "ಅಕ್ಕಾ, ಹದಿನೈದು ದಿನ ಕೊಡಿ. ಆಮೇಲೆ ಮಾರಿ" ಎಂದು ಕೈ ಮುಗಿದೆ.

ಗೇರ್‌ಬಾಕ್ಸ್ ಮತ್ತೆ ಬಿಚ್ಚಿದೆ. ಡೀಸೆಲ್ ಎಂಜಿನ್ನಿನ ಬಲವೆಲ್ಲ ಕಡಿಮೆ ಸುತ್ತಿನಲ್ಲೇ ಇರುವಾಗ ಅದಕ್ಕೆ ಸಡಿಲ ಡಬ್ಬಿ ಬೇಕಾಗಿಯೇ ಇರಲಿಲ್ಲ. ಡೀಸೆಲ್ ಆಟೋಮ್ಯಾಟಿಕ್ ಗಾಡಿಯೊಂದರ ಬಿಗಿ ಕನ್ವರ್ಟರನ್ನು ಹುಡುಕಿ ಕೂರಿಸಿದೆ. ಹಿಂದಿನ ಹಲ್ಲಿನ ಜೋಡಿ ಅವನ ಹಳೆಯದನ್ನೇ ವಾಪಸು ಹಾಕಿದೆ. ಈಗ ಸಪಾಟಿನಲ್ಲಿ ಎಂಜಿನ್ ಒಂದಿಷ್ಟು ಗೊಣಗುತ್ತದೆ, ಹತ್ತುವಾಗ ಮೊದಲಿನ ಜೋರಿಲ್ಲ. ಗೊಣಗಲಿ. ಅಪ್ಪನ ಪದ್ಧತಿ ಬಿಟ್ಟು, ನಾಲ್ಕು ಅಕ್ಕಿ ಮೂಟೆ ಹೇರಿ ಏಳು ಸಲ ಬರೀ ಇಳಿದು ನೋಡಿದೆ. ಆಮೇಲೆಯೇ ಅವನಿಗೆ ಫೋನು ಮಾಡಿದೆ.

ಮತ್ತೆ ಮೂವರೂ ಹೊರಟೆವು. ಘಟ್ಟದ ತಲೆಯಲ್ಲಿ ಅವನು ಕೆಳಗಿನ ಗೇರಿಗೆ ಹಾಕಿದ. ಎಂಜಿನ್ನು ಗುರ್ ಎಂದು ಗಾಡಿಯನ್ನು ಹಿಡಿಯಿತು. ತಿರುವಿನಲ್ಲಿ ಮಾತ್ರ ಬಲಗಾಲಿನಿಂದ ಒಂಚೂರು ಬ್ರೇಕು ಮುಟ್ಟಿದ. ಹೆಂಡತಿ ಹಿಂದೆ ಕೂತು ತಂಗಿಯ ಹತ್ತಿರ ಫೋನಿನಲ್ಲಿ ಉಪ್ಪಿನಕಾಯಿ ಮಾತು ಹಚ್ಚಿದ್ದಳು. ನೆಟ್‌ವರ್ಕ್ ಹೋದಾಗ ಅದನ್ನು ಬೈದಳು, ಆಮೇಲೆ ನನಗೇ ಮಾವಿನ ಮಿಡಿ ಯಾವುದು ಒಳ್ಳೆಯದು ಎಂದು ಹೇಳತೊಡಗಿದಳು. ನಾನು ಹೂಂ ಹೂಂ ಅನ್ನುತ್ತಿದ್ದೆ, ಕಿವಿಯೆಲ್ಲ ಎಂಜಿನ್ನಿನ ಮೇಲೆ.

ಬುಡದಲ್ಲಿ ಅವನು ಗಾಡಿ ನಿಲ್ಲಿಸಿದ. ಅವಳು ಮಾತು ನಿಲ್ಲಿಸಿ ಹೊರಗೆ ನೋಡಿದಳು.

"ಅಯ್ಯೋ, ಘಟ್ಟ ಮುಗದೇ ಹೋತಾ?"

ಅವನು ಸ್ಟೇರಿಂಗಿಗೆ ಹಣೆ ಹಚ್ಚಿ ಅಳತೊಡಗಿದ. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಯಾಕೆ ಹೇಳಲಿ.

"ನಿಂಗಕ್ಕೆ ಎಂತಾತು?" ಎಂದು ಅವಳು ಇಬ್ಬರನ್ನೂ ನೋಡಿದಳು.