ಗಮನಕ್ಕೆ ಬಂದ ಕೋಡಿ

ಶಾಸಕರಿಗೆ ಪ್ರಶ್ನೆ ಬರೆದುಕೊಡುವುದೂ ಒಂದು ಕೆಲಸವೆಂದು ಕಾನೂನು ಓದಲು ಕೋಲಾರದ ಕಾಲೇಜು ಸೇರುವವರೆಗೆ ನನಗೆ ಗೊತ್ತಿರಲಿಲ್ಲ. ಹಳ್ಳಿಯವರ ಅಹವಾಲು ಕೇಳಿ, ಅದನ್ನು ವಿಧಾನಸಭೆಯಲ್ಲಿ ಕೇಳುವಂಥ ಪ್ರಶ್ನೆಯಾಗಿಸಿ ಶಾಸಕರಿಗೆ ತಲುಪಿಸುವ ಚಿಕ್ಕ ಸಂಸ್ಥೆಯೊಂದರಲ್ಲಿ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ಶ್ರೀನಿವಾಸಪುರದ ಮನೆಯಿಂದ ಕೋಲಾರಕ್ಕೆ ದಿನಾ ಬಸ್ಸು. "ಮೂಗಿನ ಮೇಲೇ ಕೋಪ ನಿಂಗೆ. ಯಾರ ಜೊತೇನೂ ಜಗಳ ಆಡ್ಕೊಂಡು ಬರ್ಬೇಡ ಕಣೇ," ಎಂದು ಅಮ್ಮ ಮೊದಲ ದಿನವೇ ಎಚ್ಚರಿಸಿದ್ದಳು. ಅವಳಿಗೆ ಮಗಳು ಚೆನ್ನಾಗಿ ಗೊತ್ತು.

ನನ್ನ ಪಾಲಿಗೆ ಬಂದದ್ದು ವಕ್ಕಲೇರಿ ಕಡೆಯ ಒಂದು ಹಳ್ಳಿಯ ಕೆರೆ ಕೋಡಿ. ಆ ವರ್ಷ ಕೆರೆ ತುಂಬಿ, ಕೋಡಿ ನೀರು ಮಕ್ಕಳು ಹೈಸ್ಕೂಲಿಗೆ ಹೋಗುವ ದಾರಿಯ ಮೇಲೆಯೇ ಹರಿಯುತ್ತಿತ್ತು. ಹಾಲಿನ ಡೇರಿಯ ಹತ್ತಿರ ಪರಿಚಯವಾದ ಆ ಊರಿನ ಅಕ್ಕ ಒಬ್ಬರ ಮಗಳು ಹತ್ತನೇ ಕ್ಲಾಸು. ಒಂದು ದಿನ ಪಾಚಿಯ ಮೇಲೆ ಜಾರಿಬಿದ್ದಳು; ಪುಸ್ತಕದ ಚೀಲ ನೀರುಪಾಲಾಯಿತು. ಅಂದಿನಿಂದ ಅವಳಪ್ಪ ಶಾಲೆಗೆ ಕಳಿಸುವುದನ್ನೇ ನಿಲ್ಲಿಸಿದ್ದರು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಹೆಡ್‌ಮಾಸ್ಟರು ಹೇಳಿಕಳಿಸಿದ್ದರು. ಅಕ್ಕ ಇಂಜಿನಿಯರ್ ಕಚೇರಿಗೆ ಅಲೆದಲೆದು ಸಾಕಾಗಿದ್ದರು. ಹೋದಾಗಲೆಲ್ಲ ಅಲ್ಲಿ ಒಂದೇ ಮಾತು: "ನಮ್ಮ ಗಮನಕ್ಕೆ ಬಂದಿಲ್ಲಮ್ಮ, ಅರ್ಜಿ ಕೊಟ್ಟು ಹೋಗಿ."

ಕೇಳಿ ಮೈಯೆಲ್ಲ ಉರಿದುಹೋಯಿತು. ಸಂವಿಧಾನ, ಶಿಕ್ಷಣದ ಹಕ್ಕು ಎಲ್ಲವನ್ನೂ ಸೇರಿಸಿ ನಾಲ್ಕು ಪುಟ ಗೀಚಿದೆ. ಸಂಸ್ಥೆ ನಡೆಸುತ್ತಿದ್ದ ಸರ್ ಓದಿ, "ಚೆನ್ನಾಗೈತಮ್ಮ, ಭಾಷಣ ಸ್ಪರ್ಧೆಗೆ ಇಟ್ಕೊ," ಎಂದು ನಕ್ಕು ಎರಡೇ ಸಾಲಿಗೆ ಇಳಿಸಿದರು. ಕೋಡಿ ನೀರಿನಿಂದ ಮಕ್ಕಳಿಗೆ ಶಾಲೆ ತಪ್ಪುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಸೇತುವೆ ಯಾವಾಗ ಕಟ್ಟಲಾಗುವುದು? ಅಷ್ಟೇ! ಎರಡು ದಿನ ಸರ್ ಜೊತೆ ಸರಿಯಾಗಿ ಮಾತಾಡಲಿಲ್ಲ ನಾನು.

ಶಾಸಕರೊಬ್ಬರ ಮೂಲಕ ಪ್ರಶ್ನೆ ಬೆಳಗಾವಿ ಅಧಿವೇಶನಕ್ಕೆ ಹೋಯಿತು. ಉತ್ತರ ನನ್ನ ಮೊಬೈಲಿಗೆ ಬಂತು. ಮೊದಲನೆಯದಕ್ಕೆ, "ಬಂದಿದೆ." ಎರಡನೆಯದಕ್ಕೆ, "ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು." ಇಷ್ಟಕ್ಕೆ ಮೂರು ತಿಂಗಳು ಒದ್ದಾಡಿದೆವಾ ಅನ್ನಿಸಿ ಅಳುವೇ ಬಂತು. ಯಾವ ಮುಖ ಇಟ್ಟುಕೊಂಡು ಹೇಳುವುದೆಂದು ಅಳುಕುತ್ತಲೇ ಅಕ್ಕನಿಗೆ ಓದಿ ಹೇಳಿದೆ.

"ಬಂದಿದೆ ಅಂತ ಬರ್ಕೊಟ್ಟವ್ರಾ? ಮಂತ್ರಿ ಸೈನ್ ಐತಾ?"

"ಐತೆ ಅಕ್ಕ, ಆದ್ರೆ ಸೇತುವೆ..."

"ಚಾಲು ಚಾಲು, ಇಷ್ಟೇ ಸಾಕು ಬಿಡಮ್ಮ. ಕಲರ್ ಪ್ರಿಂಟ್ ತೆಗ್ಸು. ಲ್ಯಾಮಿನೇಷನ್ನೂ ಮಾಡ್ಸು, ನಾನು ಆ ನೀರು ದಾಟ್ಕೊಂಡೇ ಓಡಾಡ್ಬೇಕು."

ಮರುದಿನ ಇಬ್ಬರೂ ಕಚೇರಿಗೆ ಹೋದೆವು. ಇಂಜಿನಿಯರು ಬಾಯಿ ತೆರೆಯುವ ಮೊದಲೇ ಅಕ್ಕ ಆ ಹಾಳೆಯನ್ನು ಮೇಜಿನ ಮೇಲಿಟ್ಟರು. "ಮಂತ್ರಿಗಳ ಗಮನಕ್ಕೇ ಬಂದೈತಂತೆ ಸಾರ್. ನಿಮ್ಗಿನ್ನೂ ಬಂದಿಲ್ಲಾಂತ ಅವ್ರಿಗೆ ಬರೆಯೋಣ್ವಾ? ಈ ಹುಡ್ಗಿ ಚೆನ್ನಾಗಿ ಬರೀತಾಳೆ."

ಅವರು ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಇಬ್ಬರಿಗೂ ಕುರ್ಚಿ ಬಂತು. ನಾನು ನಗು ತಡೆಯಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆ. ಎಷ್ಟು ಓದಿ ಏನು ಬಂತು, 'ಬಂದಿದೆ' ಎಂಬ ಆ ಒಂದು ಪದದ ಬೆಲೆ ನನಗೆ ಹೊಳೆದೇ ಇರಲಿಲ್ಲ.

ಸೇತುವೆ ಇನ್ನೂ ಆಗಿಲ್ಲ. ಆದರೆ ಎರಡು ವಾರದೊಳಗೆ ಕೋಡಿ ನೀರು ಹರಿಯುವಲ್ಲಿ ದಾರಿಗೆ ಅಡ್ಡಲಾಗಿ ದಪ್ಪ ಸಿಮೆಂಟ್ ಪೈಪುಗಳನ್ನಿಟ್ಟು ಮೇಲೆ ಮಣ್ಣು ಹೊಡೆದರು. ನೀರು ಕೆಳಗೆ, ದಾರಿ ಮೇಲೆ. ಇನ್ನೊಂದು ದಿನವೂ ತಪ್ಪಿಸದಿದ್ದರೆ ಪರೀಕ್ಷೆಗೆ ಕೂರಿಸುವುದಾಗಿ ಹೆಡ್‌ಮಾಸ್ಟರೂ ಒಪ್ಪಿದ್ದರು. ಇಂಟರ್ನ್‌ಶಿಪ್ ವರದಿಗೆ ಫೋಟೋ ಬೇಕೆಂದು ಬೆಳಿಗ್ಗೆಯೇ ಹೋದೆ. ಮೊದಲು ಹುಡುಗಿಯ ಅಪ್ಪ ದಾಟಿದರು. ನಡುವೆ ನಿಂತು ಎರಡು ಸಲ ಕಾಲು ಅಪ್ಪಳಿಸಿ ನೋಡಿ, ಆಚೆ ದಡದಿಂದ "ಬಾ ಮಗಾ," ಎಂದರು.

ಹುಡುಗಿ ಹೊಸ ಚೀಲ ಹೆಗಲಿಗೇರಿಸಿ ಓಡಿದಳು. ಪೈಪು ದಾಟಿದಳು, ಅಪ್ಪನನ್ನೂ ದಾಟಿದಳು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಕೂಗಿದರು: "ಲೇ, ನಿಂತ್ಕೊಳ್ಳೇ! ಫೋಟೋ ತೆಗೀಬೇಕಂತೆ!"

"ಫಸ್ಟ್ ಪೀರಿಯಡ್ಡೇ ಮ್ಯಾಥ್ಸ್ ಕಣಮ್ಮಾ!" ಎಂದಳು ಅವಳು, ತಿರುಗಿ ಕೂಡ ನೋಡದೆ.