ಜವರಪ್ಪನಿಗೆ ಸಿಕ್ಕ ಜಾಗ

ಕೊಡಗು ಇನ್ನೂ ತನ್ನಷ್ಟಕ್ಕೆ ತಾನೊಂದು ರಾಜ್ಯವಾಗಿದ್ದ ಕಾಲ. ಶನಿವಾರಸಂತೆಯ ಆಚೆಗೊಂದು ಊರಲ್ಲಿ ಜವರಪ್ಪ, ಚನ್ನಬಸಮ್ಮ ಎಂಬ ಗಂಡಹೆಂಡಿರಿಗೆ ಒಬ್ಬಳೇ ಮಗಳು, ಸುಲೋಚನಮ್ಮ. ಗಂಡುಮಕ್ಕಳಿಲ್ಲದ ಮನೆ, ಹಾಗಾಗಿ ಸಿದ್ದಣ್ಣನನ್ನು ಮನೆಅಳಿಯನಾಗಿ ತಂದುಕೊಂಡರು. ಎತ್ತಿಗಾದರೂ ಸೋಮವಾರ ಬಿಡುವಿತ್ತು, ಅಳಿಯನಿಗೆ ಅದೂ ಇರಲಿಲ್ಲ. ಚಳಿಜ್ವರದಲ್ಲಿ ಅವನು ಸತ್ತಾಗ, ಮೇಲಿನ ಹೊಲದಲ್ಲಿರುವ ಹಿರಿಯರ ಸಮಾಧಿಗಳ ಸಾಲಿನಲ್ಲೇ ಅವನನ್ನೂ ಕೂರಿಸಿ ಹೂಳೋಣವೆಂದು ಮಗಳು ಅಪ್ಪನ ಕಾಲು ಹಿಡಿದಳು. ಹೊರಗಿನಿಂದ ಬಂದವನು ನಮ್ಮ ಸಾಲಿಗೆ ಬೇಡವೆಂದು ಜವರಪ್ಪ ಹಳ್ಳದ ದಂಡೆಯ ಜೊಂಡಿನ ನಡುವೆ ಗುಂಡಿ ತೋಡಿಸಿದ. ಸುಲೋಚನಮ್ಮ ಅವತ್ತೇ ಅತ್ತು ಮುಗಿಸಿದಳು. ಆಮೇಲೆ ಕಾದಳು.

ಮುಪ್ಪಿನಲ್ಲಿ ಜವರಪ್ಪನಿಗೆ ಲಕ್ವ ಹೊಡೆಯಿತು. ಬೀಗದಕೈ ಮಗಳ ಸೊಂಟಕ್ಕೆ ಬಂತು. ಅವಳು ಅಪ್ಪನ ಮೈ ತೊಳೆದಳು, ಗಂಜಿ ಕುಡಿಸಿದಳು, ಊರು ಹೊಗಳಿತು. ಒಂದು ಬೆಳಗ್ಗೆ ಅವನೇ ಮಾತು ತೆಗೆದು, ತನ್ನನ್ನು ಮೇಲಿನ ಹೊಲದಲ್ಲಿ ತನ್ನ ತಂದೆಯ ಪಕ್ಕಕ್ಕೇ ಕೂರಿಸುವುದಾಗಿ ಈಗಲೇ ಭಾಷೆ ಕೊಡು ಎಂದ.

"ಅಲ್ಲಿ ಕಾಫಿ ಹಾಕ್ಸಿದೀನಿ ಅಪ್ಪಯ್ಯ. ಗಿಡ ಎದೆಮಟ ಬಂದಿದೆ."

"ಕಿತ್ತಾಕ್ಸು."

"ಫಸಲಿನ ಗಿಡ ಯಾರಾದ್ರೂ ಕೀಳ್ತಾರಾ? ಹಳ್ಳದ ದಂಡೇಲಿ ಜಾಗ ಇದೆ. ನಮ್ಮನೆಯವರ ಹಿಂದೇನೇ."

ಜವರಪ್ಪ ಗಂಜಿಯ ಬಟ್ಟಲನ್ನು ಆಚೆ ತಳ್ಳಿದ. ಹೆಣದ ಮುಖವನ್ನು ಬಡಗು ದಿಕ್ಕಿಗೆ ಮಾಡಿ ಕೂರಿಸುವುದು ಅವರಲ್ಲಿ ಪದ್ಧತಿ. ಅಳಿಯನ ಹಿಂದೆ ಕೂತರೆ ಮಣ್ಣಿನೊಳಗೂ ಅವನ ಬೆನ್ನೇ ಎದುರಿಗೆ.

ಹೆತ್ತಪ್ಪನ ಮೇಲೆ ಇಷ್ಟು ಹಗೆ ಒಳ್ಳೆಯದಲ್ಲವೆಂದು ಚನ್ನಬಸಮ್ಮ ಬುದ್ಧಿ ಹೇಳಲು ಬಂದಳು.

"ಅವತ್ತು ನೀನು ಅಪ್ಪಯ್ಯಂಗೆ ಒಂದು ಮಾತು ಹೇಳಿದ್ದಿದ್ರೆ, ಇವತ್ತು ನಂಗೆ ಹೇಳೋ ಕೆಲ್ಸ ಇರ್ತಿರ್ಲಿಲ್ಲ ಅವ್ವ. ನೀನು ಬಾಗಿಲ ಹಿಂದೆ ನಿಂತಿದ್ದೆ."

ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಜವರಪ್ಪ ಮುನಿದ, ಬೈದ, ಉಪವಾಸ ಮಲಗಿದ. ಹಸಿವು ತಾಳದೆ ಮತ್ತೆ ಉಂಡ. ಕಡೆಗೆ ಬೇಡಿದ: "ಮುಖಾನಾದ್ರೂ ಬೇರೆ ಕಡೆ ತಿರುಗ್ಸು ಮಗಾ."

"ಶಾಸ್ತ್ರ ಬಿಡೋದಾ? ಜಗಲಿ ಮೇಲೆ ಕೂತು ಅವರ ಬಗ್ಗಿದ ಬೆನ್ನು ನೋಡ್ತಾ ನಾಟಿ ಮಾಡ್ಸಿದೋರು ನೀವು. ಅಲ್ಲೂ ನೋಡ್ತಾ ಇರಿ."

ಮಾಗಿ ಕಳೆಯುವ ಮೊದಲೇ ಜವರಪ್ಪ ತೀರಿಕೊಂಡ. ಗುಂಡಿಯ ದಿಕ್ಕು ನೋಡಿದ ಅಯ್ಯನವರು ಎಲ್ಲ ಸರಿಯಾಗಿದೆ ಎಂದರು. ಸುಲೋಚನಮ್ಮ ಕಣ್ಣು ಒದ್ದೆ ಮಾಡಿಕೊಳ್ಳದೆ ಬೊಗಸೆ ತುಂಬ ವಿಭೂತಿ ಸುರಿದಳು.

ಕಾರ್ಯವೆಲ್ಲ ಮುಗಿದ ಮೇಲೆ, ಊಟಕ್ಕೆ ಕೂತ ಚನ್ನಬಸಮ್ಮ ತನ್ನನ್ನು ಎಲ್ಲಿ ಕೂರಿಸುತ್ತೀಯೆಂದು ಅಂಜುತ್ತ ಕೇಳಿದಳು.

"ಇನ್ನೂ ಯೋಚ್ನೆ ಮಾಡ್ತಿದೀನಿ ಅವ್ವ. ಉಣ್ಣು," ಎಂದು ಮಗಳು ಅವಳ ತಟ್ಟೆಗೆ ತುಪ್ಪ ಬಡಿಸಿದಳು.