ಲೆಕ್ಕ ಬಲ್ಲ ಕೂಸುಗಳ ದೊಡ್ಡಮ್ಮ

ಕೂಸುಗಳ ಬುದ್ಧಿ ಅಳೆಯುವ ಪ್ರಯೋಗಶಾಲೆಗೆ ಒಬ್ಬ ಆಯಾ ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತಳಾದವಳು ಅವಳು. ನರ್ಸುಗಳಿಂದ ಹಿಡಿದು ಬಾಣಂತಿಯರವರೆಗೆ ಎಲ್ಲರೂ ದೊಡ್ಡಮ್ಮ ಎಂದೇ ಕರೆದು ಕರೆದು ಅದೇ ಅವಳ ಹೆಸರಾಗಿತ್ತು. ಹಾಲು, ನಿದ್ದೆ, ಅಳು, ಒದ್ದೆ ಬಟ್ಟೆ, ಇಷ್ಟು ಬಿಟ್ಟರೆ ಕೂಸಿನ ತಲೆಯೊಳಗೆ ಬೇರೇನೂ ಇರುವುದಿಲ್ಲವೆಂಬುದು ಅವಳ ಖಚಿತ ತೀರ್ಮಾನ.

“ಐದು ತಿಂಗಳ ಕೂಸಿಗೆ ಲೆಕ್ಕದ ಪರೀಕ್ಷೆ ಅಂತೆ ಕಣ್ರೀ. ತುಂಬ ಓದಿಬಿಟ್ರೆ ಹೀಗೇ ಆಗೋದು,” ಎಂದಳು ಗಂಡನಿಗೆ.

ಗಂಡ ದರ್ಜಿ. ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, “ಹೋಗಿ ಸೇರ್ಕೋ ಮಾರಾಯ್ತಿ. ಮನೇಲಿ ಕೂತು ನನ್ನ ತಲೆ ತಿನ್ನೋದಾದ್ರೂ ತಪ್ಪುತ್ತೆ,” ಎಂದ.

ಸೇರಿಕೊಂಡಳು. ಪ್ರಯೋಗಶಾಲೆಯ ಮುಖ್ಯಸ್ಥ ಒಬ್ಬ ಪ್ರಾಧ್ಯಾಪಕ. ಬಾಯಿ ತೆರೆದರೆ ಮೊದಲು ಬರುವ ಮಾತೇ “ಅಂದ್ರೆ”. ಹಾಗಾಗಿ ದೊಡ್ಡಮ್ಮ ಮನಸ್ಸಿನಲ್ಲೇ ಅವನಿಗೆ ಅಂದ್ರೆಸಾಹೇಬ ಎಂದು ನಾಮಕರಣ ಮಾಡಿದಳು. ಕೂಸುಗಳ ಮನಸ್ಸಿನ ಬಗ್ಗೆ ಮೂರು ಪುಸ್ತಕ ಬರೆದ ಈ ಮಹಾನುಭಾವ ಒಂದು ಕೂಸನ್ನಾದರೂ ಎತ್ತಿಕೊಂಡದ್ದನ್ನು ಅವಳು ಕೊನೆಯವರೆಗೂ ಕಾಣಲಿಲ್ಲ. ಯಾವುದಾದರೂ ಕೂಸು ಬಾಯಿ ಸೊಟ್ಟ ಮಾಡಿದರೆ ಸಾಕು, ಅವನಿಗೆ ತುರ್ತಾಗಿ ಒಂದು ಫೋನ್ ನೆನಪಾಗುತ್ತಿತ್ತು.

ಪ್ರಯೋಗದ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆಲ್ಲ ಬೂದು ಬಟ್ಟೆ ಹೊದಿಸಿತ್ತು. ತಲೆಯ ಮೇಲೆ ಏಸಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ತಾಯಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಸನ್ನೆ ಮಾಡದಿರಲೆಂದು ಅವಳ ಕಣ್ಣಿಗೆ ಬಟ್ಟೆ. ಎದುರಿಗೆ ಬೀರುವಿನಷ್ಟು ದೊಡ್ಡ ಮರದ ಪೆಟ್ಟಿಗೆ, ಅದರೊಳಗೆ ಬೊಂಬೆಯಾಟದ ರಂಗದಂಥ ಜಾಗ. ಅಲ್ಲಿ ಒಂದು ಹಳದಿ ಬಾತುಕೋಳಿ ಬೊಂಬೆ ಇಡುತ್ತಾರೆ. ಅದರ ಮುಂದೆ ಪರದೆ ಏಳುತ್ತದೆ. ಪರದೆಯ ಹಿಂದಕ್ಕೆ ಇನ್ನೊಂದು ಬೊಂಬೆ ಹೋಗುತ್ತದೆ. ಪರದೆ ಇಳಿದಾಗ ಕೆಲವು ಸಲ ಎರಡೂ ಇರುತ್ತವೆ, ಕೆಲವು ಸಲ ಒಂದೇ. ಒಂದೇ ಇದ್ದಾಗ ಕೂಸು ಹೆಚ್ಚು ಹೊತ್ತು ದಿಟ್ಟಿಸಿದರೆ, ಒಂದಕ್ಕೆ ಒಂದು ಕೂಡಿದರೆ ಎರಡೆಂದು ಅದಕ್ಕೆ ಗೊತ್ತಿದೆಯೆಂದು ಅರ್ಥವಂತೆ. ಪೆಟ್ಟಿಗೆಯ ಬೆನ್ನಿಗಿದ್ದ ಕಿರುಬಾಗಿಲು ತೆಗೆದು ಎರಡನೆಯ ಬೊಂಬೆಯನ್ನು ಗುಟ್ಟಾಗಿ ಎಳೆದುಕೊಳ್ಳುವುದು ದೊಡ್ಡಮ್ಮನ ಕೆಲಸ. ಪಕ್ಕದ ಕೋಣೆಯಲ್ಲಿ ಸಾಹೇಬನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಟಿವಿಯಲ್ಲಿ ಕೂಸಿನ ಮುಖವನ್ನಷ್ಟೇ ನೋಡುತ್ತ, ಅದು ದಿಟ್ಟಿಸಿದಷ್ಟು ಹೊತ್ತೂ ಗುಂಡಿ ಒತ್ತಿ ಹಿಡಿಯುತ್ತಿದ್ದಳು.

ತಂದೆತಾಯಿಗಳದ್ದು ಇನ್ನೊಂದು ತಮಾಷೆ. ಹೊರಗಿನ ಬೆಂಚಿನಲ್ಲಿ ಕಾದು ಕೂತ ಅಪ್ಪಂದಿರು ಬಾಗಿಲು ತೆರೆದ ತಕ್ಷಣ ಎದ್ದು ನಿಲ್ಲುತ್ತಿದ್ದರು. “ಎಷ್ಟು ಮಾರ್ಕ್ಸ್ ಬಂತು?” ಎಂದು ಒಬ್ಬ ಕೇಳಿದ. “ನಿಮ್ಮ ಮಗ ಬೊಂಬೆ ನೋಡಿ ಜೊಲ್ಲು ಸುರಿಸ್ದ. ಅದಕ್ಕೆ ಪೂರ್ತಿ ಮಾರ್ಕ್ಸ್,” ಎಂದಳು ದೊಡ್ಡಮ್ಮ.

ಫಲಿತಾಂಶ ಮಾತ್ರ ಜೋರಾಗಿ ಬಂತು. ಬೊಂಬೆ ಮಾಯವಾದಾಗಲೆಲ್ಲ ಕೂಸುಗಳು ಕಣ್ಣು ಮಿಟುಕಿಸದೆ ನೋಡಿದವು. ಅಂದ್ರೆಸಾಹೇಬನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರಬಂಧ ಬರೆದು ವಿಜ್ಞಾನದ ನಿಯತಕಾಲಿಕಕ್ಕೆ ಕಳಿಸಿದ. ಪತ್ರಿಕೆಯವರನ್ನು ಕರೆದು ಕಣ್ಣೆದುರೇ ಪ್ರಯೋಗ ತೋರಿಸಲು ದಿನವನ್ನೂ ಗೊತ್ತುಮಾಡಿದ.

ಆದರೆ ದೊಡ್ಡಮ್ಮನನ್ನು ಮರೆಮಾಡಲು ಪೆಟ್ಟಿಗೆಯ ಪಕ್ಕಕ್ಕೆ ಕಟ್ಟಿದ್ದ ಬಟ್ಟೆಯಲ್ಲೊಂದು ಸಣ್ಣ ತೂತಿತ್ತು. ಅದರಿಂದ ಕೂಸಿನ ಮುಖ ದೊಡ್ಡಮ್ಮನಿಗೂ ಕಾಣುತ್ತಿತ್ತು. ಅವಳು ಕಿರುಬಾಗಿಲು ತೆಗೆದಾಗ ಅದರ ಕೀಲು ಕಿರ್ ಎಂದು ಸಣ್ಣಗೆ ಸದ್ದು ಮಾಡುತ್ತಿತ್ತು. ಏಸಿಯ ಗದ್ದಲದಲ್ಲಿ ದೊಡ್ಡವರ ಕಿವಿಗೆ ಬೀಳದ ಆ ಸದ್ದಿಗೆ ಕೂಸಿನ ಹುಬ್ಬು ಮೇಲೇರುತ್ತಿತ್ತು. ಪರದೆ ಇಳಿಯುವ ಮೊದಲೇ ಅದರ ಕಣ್ಣು ಸದ್ದು ಬಂದ ಮೂಲೆಗೆ ಅಂಟಿಕೊಳ್ಳುತ್ತಿತ್ತು. ಬೊಂಬೆ ತೆಗೆಯದ ಸಲ ಬಾಗಿಲೂ ಇಲ್ಲ, ಸದ್ದೂ ಇಲ್ಲ.

ಅವಳು ನೇರವಾಗಿ ಸಾಹೇಬನ ಕೋಣೆಗೆ ಹೋದಳು. “ಸರ್, ಮಕ್ಕಳು ಲೆಕ್ಕ ಮಾಡ್ತಿಲ್ಲ. ಬಾಗಿಲು ಕಿರ್ ಅನ್ನೋದನ್ನ ಕೇಳಿ ನೋಡ್ತಿವೆ.”

ಅವನು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. “ಅಂದ್ರೆ, ನೋಡಿ ಅಮ್ಮ, ಇದೆಲ್ಲ ನಿಮಗೆ ಅರ್ಥ ಆಗೋ ವಿಷಯ ಅಲ್ಲ. ನೀವು ಬೊಂಬೆ ತೆಗೀರಿ, ಸಾಕು.”

ಮರುದಿನ ದೊಡ್ಡಮ್ಮ ಗಂಡನ ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದು ಕೀಲಿಗೆ ನಾಲ್ಕು ತೊಟ್ಟು ಬಿಟ್ಟಳು. ಬಾಗಿಲು ಬೆಣ್ಣೆಯ ಹಾಗೆ ತೆರೆದುಕೊಂಡಿತು.

ಅಂದಿನಿಂದ ಬಂದ ಹನ್ನೆರಡು ಕೂಸುಗಳಿಗೂ ಲೆಕ್ಕ ಮರೆತುಹೋಯಿತು. ಒಂದು ಬೊಂಬೆಯೋ ಎರಡು ಬೊಂಬೆಯೋ ಅವಕ್ಕೆ ಎಲ್ಲ ಒಂದೇ. ಒಂದು ಕೂಸಂತೂ ಬೊಂಬೆ ಬಿಟ್ಟು ತನ್ನ ಕಾಲ್ಚೀಲವನ್ನೇ ನೋಡುತ್ತ ಕೂತಿತು. ಸಾಹೇಬ ಕೆಂಡವಾದ. ಈ ವಾರದ ತಾಯಂದಿರು ಸರಿಯಿಲ್ಲ ಎಂದ. ಕೂಸುಗಳಿಗೆ ನಿದ್ದೆ ಸಾಲದು ಎಂದ. ಕೊನೆಗೆ, ಈ ಬಡಾವಣೆಯ ಮಕ್ಕಳೇ ಸ್ವಲ್ಪ ಮಂದ ಎಂದುಬಿಟ್ಟ.

ಅದನ್ನು ಕೇಳಿ ಸಂಶೋಧನೆಯ ಹುಡುಗಿ ಹಾಲಿನ ಬಾಟಲಿ ತೊಳೆಯುತ್ತಿದ್ದ ದೊಡ್ಡಮ್ಮನ ಪಕ್ಕ ಬಂದು ನಿಂತಳು. “ದೊಡ್ಡಮ್ಮ, ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದ್ದೀನಿ. ನನ್ನ ಕಡೆಯಿಂದ ಏನೂ ತಪ್ಪಾಗಿಲ್ಲ. ಆದ್ರೂ ಹೀಗ್ಯಾಕೆ?”

“ನೀನು ಕಣ್ಣಿಗೆ ಬಿಟ್ಕೊಂಡೆ. ನಾನು ಕೀಲಿಗೆ ಬಿಟ್ಟೆ,” ಎಂದು ದೊಡ್ಡಮ್ಮ ನಡೆದದ್ದನ್ನೆಲ್ಲ ಹೇಳಿದಳು. ಹುಡುಗಿ ಮೊದಲು ಬಿಳುಚಿಕೊಂಡಳು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆಮೇಲೆ ದೊಡ್ಡಮ್ಮನನ್ನು ಕರೆದುಕೊಂಡು ಸಾಹೇಬನ ಕೋಣೆಗೆ ನಡೆದಳು.

ಪತ್ರಿಕೆಯವರು ಬರಲು ಮೂರು ದಿನವಿತ್ತು. ಎಲ್ಲ ಕೇಳಿಸಿಕೊಂಡ ಸಾಹೇಬ ಎದ್ದು ಬಾಗಿಲು ಮುಚ್ಚಿ ಬಂದು ಕೂತ. ಧ್ವನಿ ಮೆತ್ತಗಾಗಿತ್ತು. “ಅಂದ್ರೆ… ಆ ಎಣ್ಣೇನ ಒರೆಸೋಕೆ ಆಗುತ್ತಾ?”

ದೊಡ್ಡಮ್ಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ವಾರ್ಡಿನಲ್ಲಿ ಸುಳ್ಳು ಹೇಳುವ ಡಾಕ್ಟರುಗಳನ್ನು ನೋಡಿದ್ದಳು, ಆದರೆ ಅವರೂ ಹೇಳಿದ್ದಕ್ಕೆ ಸ್ವಲ್ಪ ನಾಚಿಕೊಳ್ಳುತ್ತಿದ್ದರು. “ಒರೆಸ್ಬಹುದು ಸರ್. ಆ ಬಾಗಿಲಿಗೆ ಲೆಕ್ಕ ಬರುತ್ತೆ ಅಂತ ಬರೀತೀರಾದ್ರೆ ಈಗ್ಲೇ ಒರೆಸ್ತೀನಿ,” ಎಂದಳು.

ಸಾಹೇಬನ ಕಿವಿ ಕೆಂಪಾಯಿತು. ಹುಡುಗಿ ನಿಧಾನವಾಗಿ, “ಸರ್, ಪ್ರಬಂಧ ನೀವೇ ವಾಪಸ್ ತಗೊಳ್ಳಿ. ಇಲ್ಲಾಂದ್ರೆ ಆ ನಿಯತಕಾಲಿಕದವರಿಗೆ ನಾನೇ ಪತ್ರ ಬರೀಬೇಕಾಗುತ್ತೆ,” ಎಂದಳು.

ಪ್ರಬಂಧ ವಾಪಸಾಯಿತು, ಪತ್ರಿಕೆಯವರ ಭೇಟಿಯೂ ರದ್ದಾಯಿತು. ಕಾರಣ, “ಉಪಕರಣದ ದೋಷ”. ಸಾಹೇಬನಿಗೇನೂ ಆಗಲಿಲ್ಲ. ವರ್ಷ ತುಂಬುವುದರೊಳಗೆ ಇದಕ್ಕಿಂತ ದೊಡ್ಡ ಸಂಸ್ಥೆಯೊಂದಕ್ಕೆ ನಿರ್ದೇಶಕನಾಗಿ ಹೋದ. ಬೀಳ್ಕೊಡುಗೆಯಲ್ಲಿ ಅವನ ಸತ್ಯನಿಷ್ಠೆಯನ್ನು ಹೊಗಳಿ ಮೂವರು ಭಾಷಣ ಮಾಡಿದರು. ದೊಡ್ಡಮ್ಮ ಹಿಂದಿನ ಸಾಲಿನಲ್ಲಿ ಕೂತು ಎರಡು ಸಲ ಜೋರಾಗಿ ಕೆಮ್ಮಿದಳು.

ಹುಡುಗಿ ಮಾತ್ರ ಪೆಟ್ಟಿಗೆ ಬಿಡಲಿಲ್ಲ. ಬೊಂಬೆ ತೆಗೆದರೂ ತೆಗೆಯದಿದ್ದರೂ ಬಾಗಿಲು ತೆರೆದು ಮುಚ್ಚಬೇಕೆಂದು ನಿಯಮ ಮಾಡಿ, ಅರವತ್ತು ಕೂಸುಗಳನ್ನು ಮತ್ತೆ ಕೂರಿಸಿದಳು. ಇದೂ ಗಾಳಿಗುದ್ದುವ ಕೆಲಸವೇ ಎಂದುಕೊಂಡು ದೊಡ್ಡಮ್ಮ ಮೂಗು ಮುರಿಯುತ್ತಲೇ ಬಾಗಿಲು ತೆರೆದಳು, ಮುಚ್ಚಿದಳು. ಎಂಟು ತಿಂಗಳ ಮೇಲೆ ಹುಡುಗಿ ಹಾಳೆ ತಂದು ತೋರಿಸಿದಳು. ಬೊಂಬೆ ಕಾಣೆಯಾದಾಗ ಕೂಸುಗಳು ಎರಡೇ ಎರಡು ಸೆಕೆಂಡು ಹೆಚ್ಚು ನೋಡಿದ್ದವು. ಅಷ್ಟೇ. ಆದರೆ ನೋಡಿದ್ದಂತೂ ನಿಜ.

“ಹಾಗಾದ್ರೆ ಇವಕ್ಕೆ ಲೆಕ್ಕ ಗೊತ್ತಾ?”

“ಲೆಕ್ಕಾನೋ ಅಲ್ವೋ ಹೇಳಕ್ಕಾಗಲ್ಲ ದೊಡ್ಡಮ್ಮ. ಏನೋ ತಪ್ಪಿದೆ ಅಂತ ಅನ್ನಿಸುತ್ತೆ ಅವಕ್ಕೆ. ಅಷ್ಟು ಹೇಳ್ಬಹುದು.”

ದೊಡ್ಡಮ್ಮ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಬಣ್ಣ ಕಪ್ಪೆಂದು, ಇದೂ ಹೆಣ್ಣೇ ಎಂದು, ಬದುಕುವ ಹಾಗೆ ಕಾಣಲ್ಲ ಎಂದು, ವಾರ್ಡಿನ ತೊಟ್ಟಿಲುಗಳ ಮೇಲೆ ಬಗ್ಗಿ ಇಪ್ಪತ್ತಾರು ವರ್ಷ ಏನೇನು ಮಾತಾಡಿದ್ದಳೋ. ಆ ಕೂಸುಗಳಿಗೆ ಮಾತು ತಿಳಿಯದಿರಬಹುದು. ಆದರೆ ಏನೋ ತಪ್ಪಿದೆಯೆಂದು ಎರಡು ಸೆಕೆಂಡು ಹೆಚ್ಚಾಗಿ ತನ್ನ ಮುಖ ನೋಡಿದ್ದರೆ? ಸಾಹೇಬನನ್ನು ಆಡಿಕೊಂಡು ನಕ್ಕಷ್ಟು ಸಲೀಸಾಗಿ ಇದನ್ನು ನಕ್ಕು ಕಳೆಯಲು ಅವಳಿಗಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಹೊಸ ತಾಯಿಯೊಬ್ಬಳು ಕೂಸಿನೊಡನೆ ಬಂದು ಹೊರಗಿನ ಬೆಂಚಿನಲ್ಲಿ ಕೂತಳು. ದೊಡ್ಡಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕೂಸನ್ನು ಎತ್ತಿಕೊಳ್ಳುವ ಮೊದಲು ಅದರ ಎದುರು ಮೊಣಕಾಲೂರಿ ಕೂತಳು. “ಎತ್ಕೊಳ್ಲಾ?” ಎಂದು ಕೇಳಿ, ಅದು ತನ್ನನ್ನು ನೋಡಿ ಮುಗಿಸುವವರೆಗೆ ಕಾದಳು.